ಜ್ವರವಿಲ್ಲದೆ ಬಂದ ಸೆಳವು

ಪ್ರಶ್ನೆ: ಎದೆಹಾಲನ್ನೇ ಕುಡಿಯುವ ನಮ್ಮ ಐದು ತಿಂಗಳ ಮಗುವಿಗೆ ಜ್ವರವಿಲ್ಲದೆ ಎರಡು ಬಾರಿ ಫಿಟ್ಸ್ ಬಂತು. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆ ಇದೆಯಂತೆ. ಇದು ಮೂರ್ಛೆರೋಗವೇ?
– ಓರ್ವ ತಾಯಿ, ಹಾಸನ

ಉತ್ತರ: ಕ್ಯಾಲ್ಸಿಯಂ ಕುಗ್ಗಿದಾಗ ನರಗಳು ಅತಿಯಾಗಿ ಉದ್ರೇಕಗೊಂಡು ಸೆಳವು ಉಂಟಾಗುವುದರಿಂದ, ಇದನ್ನು ಈಗಲೇ ಮೂರ್ಛೆರೋಗವೆಂದು ನಿಶ್ಚಯಿಸಬೇಕಾಗಿಲ್ಲ; ಕೊರತೆಯೇ ಕಾರಣವಾಗಿದ್ದಲ್ಲಿ, ಅದು ನೀಗಿದೊಡನೆ ಸೆಳವೂ ಸಾಮಾನ್ಯವಾಗಿ ನಿಲ್ಲುವುದು. ಈ ವಯಸ್ಸಿನಲ್ಲಿ ಇದರ ಮೂಲ ಬಹುಮಟ್ಟಿಗೆ ವಿಟಮಿನ್ ಡಿಯ ಅಭಾವ; ತಾಯಿಯಲ್ಲಿ ಅದು ಕಡಿಮೆಯಿದ್ದರೆ ಶಿಶುವಿಗೂ ಸಾಲದು.

ಆದುದರಿಂದ ಮಕ್ಕಳ ತಜ್ಞರನ್ನು ಇಂದೇ ಕಂಡು, ಮಗುವಿನ ರಂಜಕ, ಮೆಗ್ನೀಸಿಯಂ, ವಿಟಮಿನ್ ಡಿ, ಪ್ಯಾರಾಥೈರಾಯ್ಡ್ ಹಾರ್ಮೋನುಗಳನ್ನೂ ನಿಮ್ಮ ವಿಟಮಿನ್ ಡಿಯನ್ನೂ ಪರೀಕ್ಷೆ ಮಾಡಿಸಿರಿ. ಆರೋಗ್ಯವಂತ ಶಿಶುವಿಗೆ ಮೊದಲ ವರ್ಷ ನಿತ್ಯ 400 ಐ.ಯು. ವಿಟಮಿನ್ ಡಿ ಸಾಕಾದರೂ, ಕೊರತೆಯ ಚಿಕಿತ್ಸೆಗೆ ಪ್ರಮಾಣವೇ ಬೇರೆ. ಅದನ್ನು ವೈದ್ಯರೇ ನಿರ್ಧರಿಸಬೇಕು. ಎದೆಹಾಲನ್ನು ನಿಲ್ಲಿಸಬೇಡಿರಿ, ಸೆಳವಿನ ಔಷಧ ಆರಂಭವಾಗಿದ್ದರೆ ಸ್ವೇಚ್ಛೆಯಿಂದ ಬಿಡಬೇಡಿರಿ.

ಮತ್ತೆ ಸೆಳವು ಬಂದರೆ ಮಗುವನ್ನು ಪಕ್ಕಕ್ಕೆ ಮಲಗಿಸಿರಿ. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ನೀರೋ ಚಮಚವೋ ಹಾಕುವುದು ಸರ್ವಥಾ ಕೂಡದು. ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ: ಅಲ್ಲಿ ಹೃದಯದ ಗತಿಯನ್ನು ಗಮನಿಸುತ್ತ ರಕ್ತನಾಳದ ಮೂಲಕ ಮೆಲ್ಲಮೆಲ್ಲನೆ ಕೊಡುವ ಕ್ಯಾಲ್ಸಿಯಂ ಗ್ಲುಕೋನೇಟೇ ಈ ಸೆಳವಿಗೆ ತಕ್ಕ ಮದ್ದು.