ಕಲಸಿದ್ದು, ಕರಗಿದ್ದು, ತೇಲಿದ್ದು

ಪ್ರೀತಿಯ ಪುಟ್ಟಿ,

ಹನ್ನೊಂದನೇ ತರಗತಿಗೆ ವಿಷಯ ಆರಿಸುವ ಫಾರ್ಮು ಬಂದಿದೆಯಂತೆ, ಅದರಲ್ಲಿ ಕೆಮಿಸ್ಟ್ರಿಯನ್ನು ನೀನು ಕೈಬಿಟ್ಟಿದ್ದೀಯಂತೆ. ನಿನ್ನಮ್ಮ ಹೇಳಿದಳು. ಬಿಟ್ಟರೆ ಬಿಡು, ಕೆಮಿಸ್ಟ್ರಿ ಓದದೆಯೇ ಲೋಕದಲ್ಲಿ ಎಷ್ಟೋ ಜನ ಸುಖವಾಗಿದ್ದಾರೆ, ನಿನ್ನ ದೊಡ್ಡಪ್ಪನೇ ಸಾಕ್ಷಿ. ನನಗೆ ಮೈ ಉರಿದದ್ದು ನೀನು ಕೊಟ್ಟ ಕಾರಣಕ್ಕೆ. “ಉಪ್ಪು, ಮರಳು ಬೇರೆ ಮಾಡೋದು, ಇದು ಹೋಮೋಜೀನಿಯಸ್ಸು, ಅದು ಹೆಟೆರೋಜೀನಿಯಸ್ಸು ಅಂತ ಪಟ್ಟಿ ಬರೆಯೋದು. ಏಳನೇ ಕ್ಲಾಸಿಂದ ಅದೇ. ಯಾರಿಗೆ ಬೇಕು ದೊಡ್ಡಮ್ಮಾ ಅದು?” ಆವತ್ತು ಜವಾಬು ಕೊಟ್ಟಿದ್ದರೆ ಜಗಳವೇ ಆಗುತ್ತಿತ್ತು. ಸಿಡ್ನಿ, ಮೆಲ್ಬರ್ನ್‌ಗಳ ನಮ್ಮವರ ಮನೆಗಳಲ್ಲಿ ವರ್ಷವರ್ಷವೂ ಈ ಮಾತು ನಡೆಯುವುದರಿಂದ, ನಿನಗೊಬ್ಬಳಿಗೇ ಬರೆಯುವ ಬದಲು ಎಲ್ಲರ ಕಣ್ಣಿಗೂ ಬೀಳುವ ಹಾಗೆ ಬರೆಯುತ್ತಿದ್ದೇನೆ.

ಯಾರಿಗೆ ಬೇಕು ಅಂದೆಯಲ್ಲ, ಮೊದಲು ಬೇಕಾದದ್ದು ನಿನ್ನ ಅಜ್ಜಿಗೆ. ಕಾರ್ಕಳದ ಹತ್ತಿರದ ನಮ್ಮ ಮನೆಯ ಬಾವಿಯಲ್ಲಿ ಆಟಿ ತಿಂಗಳು ಬಂತೆಂದರೆ ಕೆನ್ನೀರು. ಬಟ್ಟೆಯಲ್ಲಿ ಸೋಸಿದರೆ ಬಟ್ಟೆ ಕೆಂಪಾಗುತ್ತಿತ್ತೇ ಹೊರತು ನೀರು ತಿಳಿಯಾಗುತ್ತಿರಲಿಲ್ಲ. ಇಡೀ ರಾತ್ರಿ ಅಲುಗದಂತೆ ಇಟ್ಟರೂ ಅಷ್ಟೇ. ಅಮ್ಮ ಪಟಿಕದ ಗಟ್ಟಿಯನ್ನು ಕೊಡಪಾನದೊಳಗೆ ನಾಲ್ಕು ಸುತ್ತು ತಿರುಗಿಸಿ ತೆಗೆದಿಡುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಮಡ್ಡಿ ತಳಕ್ಕೆ, ಕುಡಿಯುವ ನೀರು ಮೇಲಕ್ಕೆ. ಕಾರಣ ಕೇಳಿದರೆ “ನನ್ನಮ್ಮನೂ ಹಾಗೇ ಮಾಡ್ತಿದ್ದಳು” ಎನ್ನುತ್ತಿದ್ದಳು. ಮಂಗಳೂರಿನಲ್ಲಿ ಬಿ.ಎಸ್ಸಿ. ಓದುವಾಗ ನನಗೆ ಕಾರಣ ಸಿಕ್ಕಿತು. ಜೇಡಿಮಣ್ಣಿನ ಸಣ್ಣ ಕಣಗಳ ಮೈಮೇಲೆ ಋಣ ವಿದ್ಯುದಂಶವಿರುತ್ತದೆ. ಒಂದನ್ನೊಂದು ದೂಡುತ್ತ, ಕೂಡಿ ಭಾರವಾಗಲು ಬಿಡದೆ ತೇಲುತ್ತಲೇ ಇರುತ್ತವೆ. ಇದು ಕಲಿಲ. ಪಟಿಕದಲ್ಲಿರುವ ಅಲ್ಯುಮಿನಿಯಂ ಆ ಋಣವನ್ನು ತೀರಿಸಿಬಿಡುತ್ತದೆ. ದೂಡಾಟ ನಿಲ್ಲುತ್ತದೆ, ಕಣಗಳು ಗುಂಪಾಗಿ ಮುಳುಗುತ್ತವೆ. ಆ ದಿನ ಕ್ಲಾಸಿನಲ್ಲಿ ನನಗೆ ಮೈ ಜುಮ್ಮೆಂದಿತು ಅಂದರೆ ನೀನು ನಗುತ್ತೀಯ. ನಗು.

ಆಮೇಲೆ ಕುದುರೆಮುಖ. ನನಗೆ ಕೆಲಸ ಸಿಕ್ಕಿದ್ದು ಬೆಟ್ಟದ ಮೇಲಲ್ಲ, ಕೆಳಗೆ ಪಣಂಬೂರಿನ ಪ್ರಯೋಗಾಲಯದಲ್ಲಿ. 1976ರಲ್ಲಿ ಶುರುವಾದ ಕಬ್ಬಿಣದ ಅದಿರಿನ ಕಂಪೆನಿ ಅದು. ಇರಾನಿಗೆ ಅದಿರು ಕಳಿಸಬೇಕೆಂದು ಕಟ್ಟಿ, 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ವ್ಯಾಪಾರ ಮುರಿದುಬಿದ್ದು, ಕೊನೆಗೆ 1987ರಲ್ಲಿ ಅದಿರನ್ನು ಉಂಡೆ ಕಟ್ಟುವ ಪೆಲೆಟ್ ಕಾರ್ಖಾನೆ ಹಾಕಿ ಜೀವ ಹಿಡಿದುಕೊಂಡಿತ್ತು. ಅಲ್ಲಿನ ಅದಿರು ಮ್ಯಾಗ್ನೆಟೈಟ್. ಬಂಡೆಯನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ನೀರಿನ ಜೊತೆ ಅಯಸ್ಕಾಂತದ ಡ್ರಮ್ಮುಗಳ ಮೇಲೆ ಹಾಯಿಸಿದರೆ ಕಬ್ಬಿಣದಂಶ ಅಂಟಿಕೊಳ್ಳುತ್ತದೆ, ಮರಳು ತೊಳೆದುಹೋಗುತ್ತದೆ. ನಿನ್ನ ಏಳನೇ ಕ್ಲಾಸಿನ ಪುಸ್ತಕದಲ್ಲಿ ಕಬ್ಬಿಣದ ಪುಡಿ, ಮರಳು, ಒಂದು ಲಾಳದ ಅಯಸ್ಕಾಂತ ಇತ್ತಲ್ಲ? ಅದೇ ಪ್ರಯೋಗ. ಅಳತೆ ಮಾತ್ರ ಬೆಟ್ಟದ್ದು.

ಆ ಕಪ್ಪು ಪುಡಿಯನ್ನು ಲಾರಿಯಲ್ಲಿ ತರುತ್ತಿರಲಿಲ್ಲ. ನೀರಿನಲ್ಲಿ ಕಲಸಿ ಸ್ಲರಿ ಮಾಡಿ, 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿಸಿ ಬಂದರಿಗೆ ತರುತ್ತಿದ್ದರು. ಸ್ಲರಿ ಎಂದರೆ ಕಲಿಲವಲ್ಲ, ಶುದ್ಧ ನಿಲಂಬನ. ಓಡುತ್ತಿರುವಷ್ಟು ಹೊತ್ತು ಮಾತ್ರ ಮಿಶ್ರಣ, ನಿಂತರೆ ತಳ ಕಟ್ಟುತ್ತದೆ. ಓಟ ತೀರಾ ಜೋರಾದರೆ ಕೊಳವೆಯೇ ಸವೆಯುತ್ತದೆ. ಕಣ ಒಂದಿಷ್ಟು ದಪ್ಪವಾದರೂ ಕಷ್ಟ. ಮಗ್ಗಿನಲ್ಲಿ ಸ್ಯಾಂಪಲ್ ಬಂದಾಗ ನಾನು ಕೆಲಸಕ್ಕೆ ಹೊಸಬಳು. ಪಿಂಗಾಣಿ ಬಟ್ಟಲಿಗೆ ಸುರಿಯಲು ಮಗ್ಗು ಎತ್ತಿದೆ. ನಮ್ಮ ಹಿರಿಯ ಕೆಮಿಸ್ಟರು ಕೈ ಹಿಡಿದು, “ಕಲಕುತ್ತಾ ಸುರಿಯಮ್ಮಾ, ಇಲ್ಲದಿದ್ದರೆ ನೀನು ತೂಕ ಮಾಡುವುದು ನೀರನ್ನು” ಅಂದರು. ಕಲಕುತ್ತಾ ಸುರಿ, ಒಲೆಯಲ್ಲಿ ಒಣಗಿಸು, ತಣಿಸು, ತೂಗು, ಬರೆದಿಡು. ದಿನವಿಡೀ ಅದೇ. ಕೈಯ ಗೆರೆಗಳಲ್ಲಿ ಕುಳಿತ ಕಪ್ಪು ಮದುವೆಯ ದಿನವೂ ಹೋಗಿರಲಿಲ್ಲ. ಮದರಂಗಿ ಹಚ್ಚಿದವಳು ಗೊಣಗಿದ್ದಳು.

ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ನಾನು ಅಷ್ಟರಲ್ಲಿ ಇಲ್ಲಿ ಮೆಲ್ಬರ್ನಿನಲ್ಲಿದ್ದೆ. ಭದ್ರೆಗೆ ಹೂಳು ಇಳಿಯುತ್ತದೆ ಎಂಬುದು ವಿರೋಧಿಸಿದವರ ದೊಡ್ಡ ಆಕ್ಷೇಪವಾಗಿತ್ತು. ಆ ಗಣಿ ನಿಲ್ಲಬೇಕಾದದ್ದೇ ಎಂದು ನನ್ನ ಅಭಿಪ್ರಾಯ, ಹಳೆಯ ಸಹೋದ್ಯೋಗಿಗಳು ಬೈದುಕೊಳ್ಳಲಿ. ಬೇಕಾದದ್ದನ್ನು ಬೇರ್ಪಡಿಸಿಕೊಂಡ ಮೇಲೆ ಉಳಿದದ್ದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯೂ ನಿನ್ನ ಆ ಬೇಜಾರಿನ ಅಧ್ಯಾಯದ್ದೇ, ಪುಟ್ಟಿ. ವರ್ಕ್‌ಶೀಟಿನಲ್ಲಿ ಅದನ್ನು ಕೇಳುವುದಿಲ್ಲ, ಅಷ್ಟೆ.

ಮೆಲ್ಬರ್ನಿಗೆ ಬಂದಾಗ ನನ್ನ ಡಿಗ್ರಿಯನ್ನು ಯಾರೂ ಮೂಸಿಯೂ ನೋಡಲಿಲ್ಲ. ‘ಲೋಕಲ್ ಎಕ್ಸ್‌ಪೀರಿಯೆನ್ಸ್’ ಇಲ್ಲವಂತೆ. ಇಲ್ಲಿನ ಗುರುತ್ವಾಕರ್ಷಣೆ ಬೇರೆ ಇರಬೇಕು. ಕೊನೆಗೆ ಒಂದು ಹಾಲಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಸಿಕ್ಕಿತು. ಯಂತ್ರಗಳಿದ್ದವು, ಆದರೆ ಯಂತ್ರ ಸರಿ ಹೇಳುತ್ತಿದೆಯೇ ಎಂದು ನೋಡಲು ಗರ್ಬರ್ ವಿಧಾನ ಗೊತ್ತಿದ್ದವರು ಬೇಕಿತ್ತು. ಬ್ಯುಟಿರೋಮೀಟರ್ ಎಂಬ ಗಾಜಿನ ನಳಿಗೆಗೆ ಗಂಧಕಾಮ್ಲ ಹಾಕಿ, ಅದರ ಮೇಲೆ ಮೆಲ್ಲಗೆ ಹಾಲು ಬಿಟ್ಟು, ಒಂದಿಷ್ಟು ಅಮೈಲ್ ಆಲ್ಕೋಹಾಲ್ ಸೇರಿಸಿ, ಬಿರಡೆ ಹಾಕಿ ಅಲುಗಿಸಿದರೆ ನಳಿಗೆ ಕೈ ಸುಡುವಷ್ಟು ಕಾಯುತ್ತದೆ. ಬಟ್ಟೆ ಸುತ್ತಿಯೇ ಹಿಡಿಯಬೇಕು. ಜಿಡ್ಡನ್ನು ಹಾಲಿನಲ್ಲಿ ಹಿಡಿದಿಟ್ಟಿದ್ದ ಪ್ರೋಟೀನನ್ನು ಆಮ್ಲ ಕರಗಿಸಿಬಿಡುತ್ತದೆ. ಸೆಂಟ್ರಿಫ್ಯೂಜಿನಲ್ಲಿ ಗಿರಗಿರನೆ ತಿರುಗಿಸಿದಾಗ ಜಿಡ್ಡು ಚಿನ್ನದ ಬಣ್ಣದ ಪಟ್ಟಿಯಾಗಿ ಮೇಲೆ ನಿಲ್ಲುತ್ತದೆ, ಗೆರೆ ನೋಡಿ ಓದಿಕೊಳ್ಳುವುದು. ಅಂದರೆ ನೋಟಕ್ಕೆ ಒಂದೇ ಸಮನಾದ ಬಿಳುಪು ಕಾಣುವ ಹಾಲು ಹೋಮೋಜೀನಿಯಸ್ ಅಲ್ಲವೇ ಅಲ್ಲ. ನೀವು ಸೂಪರ್ ಮಾರ್ಕೆಟ್ಟಿನಿಂದ ತರುವ ಹಾಲು ಕೆನೆ ಕಟ್ಟದಿರುವುದು, ಅದನ್ನು ಭಾರೀ ಒತ್ತಡದಲ್ಲಿ ಸಣ್ಣ ಸಂದಿಯಲ್ಲಿ ನುಗ್ಗಿಸಿ ಜಿಡ್ಡಿನ ಗುಳ್ಳೆಗಳನ್ನು ಒಡೆದಿರುವುದರಿಂದ.

ಅಲ್ಲಿಂದ ಕುಡಿಯುವ ನೀರಿನ ಪರೀಕ್ಷೆಗೆ ಬಂದೆ, ನಿವೃತ್ತಿಯವರೆಗೂ ಅದೇ. ಮೊದಲ ವಾರ ‘ಜಾರ್ ಟೆಸ್ಟ್’ ತೋರಿಸಿದರು. ಸಾಲಾಗಿ ಆರು ಬೀಕರು, ಎಲ್ಲದರಲ್ಲೂ ಒಂದೇ ಬಗ್ಗಡದ ನೀರು, ಪಟಿಕದ ಜಾತಿಯ ಲವಣ ಒಂದೊಂದರಲ್ಲಿ ಒಂದೊಂದು ಅಳತೆ. ಮೊದಲು ಜೋರಾಗಿ, ಆಮೇಲೆ ನಿಧಾನವಾಗಿ ಕಲಕಿ ನಿಲ್ಲಿಸಬೇಕು. ಮೂರನೆಯದರಲ್ಲೋ ನಾಲ್ಕನೆಯದರಲ್ಲೋ ಹತ್ತಿಯ ಎಸಳಿನಂಥ ‘ಫ್ಲಾಕ್’ ಕಟ್ಟಿ ಇಳಿಯತೊಡಗುತ್ತದೆ. ಕಡಿಮೆ ಹಾಕಿದ್ದರಲ್ಲಿ ಏನೂ ಆಗುವುದಿಲ್ಲ, ಹೆಚ್ಚು ಹಾಕಿದ್ದರಲ್ಲೂ ಕೆಲವೊಮ್ಮೆ ಮತ್ತೆ ಬಗ್ಗಡವೇ. ಕಣಗಳಿಗೆ ಈಗ ಧನಾಂಶ ಹೆಚ್ಚಾಗಿ ಪುನಃ ದೂಡಾಟ. ಅಮ್ಮ ನಾಲ್ಕೇ ಸುತ್ತಿಗೆ ನಿಲ್ಲಿಸುತ್ತಿದ್ದುದು ಸುಮ್ಮನಲ್ಲ.

ಯಾರಾ ನದಿಯನ್ನು ನೀನು ನೋಡಿ ಮೂಗು ಮುರಿದಿದ್ದೆ, ನೆನಪಿದೆಯೆ? ತಲೆಕೆಳಗಾಗಿ ಹರಿಯುವ ನದಿ, ಕೆಸರು ಮೇಲೆ, ನೀರು ಕೆಳಗೆ ಎಂದು ಇಲ್ಲಿಯವರೇ ಗೇಲಿ ಮಾಡುತ್ತಾರೆ. ಅದು ಕೊಳಕಲ್ಲ, ಬಹುಪಾಲು ಜೇಡಿ. ನಮ್ಮ ಬಾವಿಯ ಕಥೆಯೇ. ಆ ಕಂದುಬಣ್ಣ ಪೋರ್ಟ್ ಫಿಲಿಪ್ ಕೊಲ್ಲಿಯ ತುಂಬ ಹಬ್ಬುವುದಿಲ್ಲ. ಕಡಲಿನ ಉಪ್ಪು ತಗುಲಿದ ಕೂಡಲೇ ಜೇಡಿ ಗುಂಪುಗೂಡಿ ತಳ ಸೇರುತ್ತದೆ. ಅಜ್ಜಿಯ ಪಟಿಕದ ಕೆಲಸವನ್ನು ಅಲ್ಲಿ ಸಮುದ್ರ ಬಿಟ್ಟಿಯಾಗಿ ಮಾಡುತ್ತದೆ.

ನಿಮ್ಮ ಸಿಡ್ನಿಯ ಕಥೆಯನ್ನೂ ಹೇಳುತ್ತೇನೆ, ನಿನ್ನಪ್ಪ ಆಗಿನ್ನೂ ಬೆಂಗಳೂರಿನಲ್ಲಿದ್ದ. 1998ರ ಜುಲೈನಿಂದ ಸೆಪ್ಟೆಂಬರ್‌ವರೆಗೆ ಊರಿಗೆ ಊರೇ ನೀರು ಕುದಿಸಿ ಕುಡಿಯಬೇಕೆಂದು ಮತ್ತೆ ಮತ್ತೆ ಎಚ್ಚರಿಕೆ ಬಂತು. ಕ್ರಿಪ್ಟೋಸ್ಪೊರಿಡಿಯಂ, ಜಿಯಾರ್ಡಿಯಾ ಎಂಬ ಪರೋಪಜೀವಿಗಳು ನೀರಿನಲ್ಲಿ ಸಿಕ್ಕಿದ್ದವು. ಪ್ರಾಸ್ಪೆಕ್ಟಿನ ಸೋಸುಘಟಕ ಶುರುವಾಗಿ ಎರಡೇ ವರ್ಷ. ಕ್ರಿಪ್ಟೋಸ್ಪೊರಿಡಿಯಂ ಕ್ಲೋರಿನ್‌ಗೆ ಜಗ್ಗುವುದಿಲ್ಲ. ಅದರ ಕೋಶ ಸುಮಾರು ಐದು ಮೈಕ್ರಾನು, ಒಂದು ಮಿಲಿಮೀಟರಿನ ಇನ್ನೂರನೇ ಒಂದು ಪಾಲು. ಫ್ಲಾಕ್ ಚೆನ್ನಾಗಿ ಕಟ್ಟಿದರೆ ಅದರೊಳಗೆ ಸಿಕ್ಕಿಬಿದ್ದು ಮರಳಿನಲ್ಲಿ ಉಳಿಯುತ್ತದೆ, ಇಲ್ಲವಾದರೆ ನಲ್ಲಿಗೆ ಬರುತ್ತದೆ. ಆ ಮೂರು ತಿಂಗಳು ಮೆಲ್ಬರ್ನಿನ ನಮ್ಮ ಲ್ಯಾಬಿನಲ್ಲೂ ಬೇರೆ ಮಾತಿರಲಿಲ್ಲ.

ಇನ್ನು ಕರಗಿದ್ದು. ವೊಂಥಾಗಿಯಲ್ಲಿ ನಮಗೊಂದು, ಕರ್ನೆಲ್‌ನಲ್ಲಿ ನಿಮಗೊಂದು ಸಮುದ್ರದ ನೀರನ್ನು ಸಿಹಿಮಾಡುವ ಕಾರ್ಖಾನೆ ಇದೆ. ಉಪ್ಪು ನೀರಲ್ಲಿ ಕರಗಿದ ಮೇಲೆ ಮರಳೂ ಬೇಡ, ಪಟಿಕವೂ ಬೇಡ, ಯಾವುದಕ್ಕೂ ಅದು ಸಿಕ್ಕುವುದಿಲ್ಲ. ಪೊರೆಯ ಮೂಲಕ ಒತ್ತಡ ಹಾಕಿ ನೀರನ್ನೇ ಆಚೆಗೆ ನೂಕಬೇಕು, ಅದಕ್ಕೆ ಸುರಿಯಬೇಕಾದ ಕರೆಂಟೋ ಕರೆಂಟು. ಬರಗಾಲದ ಭಯಕ್ಕೆ ಕಟ್ಟಿದ ವೊಂಥಾಗಿ 2012ರ ಕೊನೆಗೆ ಸಿದ್ಧವಾಯಿತು, ಅಷ್ಟರಲ್ಲಿ ಮಳೆ ಬಂದಿತ್ತು; 2017ರವರೆಗೆ ಊರಿಗೆ ಒಂದು ತೊಟ್ಟೂ ಬೇಕಾಗಲಿಲ್ಲ. ತೆರಿಗೆ ಕಟ್ಟುವವರು ಇವತ್ತಿಗೂ ಗೊಣಗುತ್ತಾರೆ. ಅದು ಬೇರೆ ಜಗಳ. ನಾನು ಹೇಳುವುದು ಇಷ್ಟು: ನಿಲಂಬನವನ್ನು ಬಿಡಿಸಲು ಸುಮ್ಮನೆ ಕಾದರೆ ಸಾಕು. ಕಲಿಲಕ್ಕೆ ಚಿಟಿಕೆ ಪಟಿಕ ಬೇಕು. ದ್ರಾವಣಕ್ಕೆ ವಿದ್ಯುತ್ ಸ್ಥಾವರ ಬೇಕು. ನೀನು ಬಾಯಿಪಾಠ ಮಾಡಿದ ಪಟ್ಟಿ ಬೆಲೆಪಟ್ಟಿ ಕಣೇ. ಎಷ್ಟು ಸಣ್ಣಗೆ ಬೆರೆತಿದೆಯೋ ಬಿಡಿಸಲು ಅಷ್ಟು ದುಬಾರಿ. ಇದನ್ನು ಕ್ಲಾಸಿನಲ್ಲಿ ಹೇಳಲಿಲ್ಲವೆಂದರೆ ತಪ್ಪು ನಿನ್ನದಲ್ಲ, ಆದರೆ ಕೇಳದೆ ಕುಳಿತದ್ದು ನೀನೇ.

ನೀನು ಬದಲಿಗೆ ಬಿಸಿನೆಸ್ ಸ್ಟಡೀಸ್ ತೆಗೆದುಕೊಳ್ಳುತ್ತೀಯಂತೆ. ಹಾಗಾದರೆ ಗಣಿಯೂರು ಬ್ರೋಕನ್ ಹಿಲ್‌ನ ಬಿಸಿನೆಸ್ ಕೇಳು. ಸೀಸ, ಬೆಳ್ಳಿ ತೆಗೆದುಕೊಂಡು, ಸತು ಇದ್ದ ಪುಡಿಯನ್ನು ಬೇರ್ಪಡಿಸಲಾಗದೆ ಗುಡ್ಡೆಗುಡ್ಡೆ ಬಿಸಾಡಿದ್ದರು. ತೂಕ ನೋಡಿ ಬೇರ್ಪಡಿಸೋಣವೆಂದರೆ ಸತುವಿನ ಅದಿರೂ ಜೊತೆಗಿದ್ದ ಕಲ್ಲೂ ಹೆಚ್ಚುಕಡಿಮೆ ಒಂದೇ ಭಾರ. ಚಾರ್ಲ್ಸ್ ಪಾಟರ್ ಎಂಬ ಮೆಲ್ಬರ್ನಿನ ಬಿಯರ್ ತಯಾರಕ, 1900ರ ದಶಕದ ಆರಂಭದಲ್ಲಿ, ಬಿಸಿ ಆಮ್ಲದಲ್ಲಿ ಆ ಪುಡಿ ಹಾಕಿದರೆ ಸಲ್ಫೈಡ್ ಕಣಗಳು ಗುಳ್ಳೆಗೆ ಅಂಟಿ ಮೇಲೆ ತೇಲುತ್ತವೆ ಎಂದು ಕಂಡು ಪೇಟೆಂಟ್ ತೆಗೆದ. ಅದೇ ಹೊತ್ತಿಗೆ ಗಣಿ ಕಂಪೆನಿ ಬಿಎಚ್‌ಪಿಯ ಡೆಲ್‌ಪ್ರಾಟ್ ಕೂಡ ಅದೇ ದಾರಿ ಹಿಡಿದಿದ್ದ. ಇಬ್ಬರಿಗೂ ಕೋರ್ಟು ಕಚೇರಿಯಾಯಿತು. ನೊರೆಯಲ್ಲಿ ತೇಲಿಸುವ ಈ ವಿದ್ಯೆ ಆಮೇಲೆ ಜಗತ್ತಿನ ಗಣಿಗಳಿಗೆಲ್ಲ ಹಬ್ಬಿತು. ಕಸದ ಗುಡ್ಡೆ ಹಣವಾಯಿತು. ಲೆಕ್ಕ ಬಲ್ಲವರು ಆ ಊರಿನಲ್ಲಿ ಬೇಕಾದಷ್ಟು ಜನ ಇದ್ದರು. ನೊರೆ ನೋಡಿದವನು ಬಿಯರಿನವನು.

ತುಸು ಜೋರಾಗಿಯೇ ಬರೆದೆ. ಕೇಳಿದ ತಕ್ಷಣ ಫೋನು ಪಟ್ಟಿ ಉದುರಿಸುವುದರಿಂದ ನಿಮಗೆ ಪಟ್ಟಿಯೇ ವಿಷಯ ಅನ್ನಿಸಿಬಿಟ್ಟಿದೆ ಎಂಬುದು ನನ್ನ ಸಂಕಟ. 2019ರ ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಹೊಗೆ ಸಿಡ್ನಿಯನ್ನು ಮುಚ್ಚಿದಾಗ, ಸೂರ್ಯ ಯಾಕೆ ಕಿತ್ತಳೆ ಹಣ್ಣಿನ ಹಾಗಿದ್ದಾನೆ ಎಂದು ಕೇಳಿದವಳು ನೀನೇ, ಚೋಟುದ್ದ ಇದ್ದೆ. ಬ್ಲೂ ಮೌಂಟನ್ಸ್ ಯಾಕೆ ನೀಲಿ ಎಂದೂ ಕೇಳಿದ್ದೆ. ಎರಡಕ್ಕೂ ಉತ್ತರ ಒಂದೇ ಕಡೆ ಇದೆ, ಗಾಳಿಯಲ್ಲಿ ತೇಲುವ ಕಣಗಳು ಬೆಳಕನ್ನು ಚದುರಿಸುವ ಬಗೆಯಲ್ಲಿ. ಈಗ ಮಜ್ಜಿಗೆಹುಳಿ ಯಾಕೆ ಒಡೆಯುತ್ತದೆ ಎಂದು ಕೇಳು. ಮಜ್ಜಿಗೆ ಹಾಕಿದ ಮೇಲೆ ಕುದಿಸಬೇಡ, ತೆಂಗಿನಕಾಯಿಯ ಜೊತೆ ಒಂದು ಚಮಚ ಅಕ್ಕಿ ಅರೆದು ಹಾಕು ಎಂದು ನಿನ್ನಮ್ಮ ಹೇಳುತ್ತಾಳೆ. ಕಾದ ಪ್ರೋಟೀನು ಗಂಟುಕಟ್ಟದಂತೆ ಅಕ್ಕಿಯ ಗಂಜಿ ನಡುವೆ ನಿಂತು ತಡೆಯುತ್ತದೆ ಎಂದು ನಾನು ಹೇಳುತ್ತೇನೆ. ಸಾರು ಮಾಡಲು ಅವಳದ್ದು ಸಾಕು, ಒಪ್ಪಿದೆ.

ಡಾಕ್ಟರಾಗು ಎಂದು ನಿನ್ನಪ್ಪ ಬಡಿದುಕೊಳ್ಳುವ, ಯೂನಿವರ್ಸಿಟಿ ಸೇರಲು ಬೇಕಾದ ಅಟಾರ್ ಲೆಕ್ಕ, ಅಂಕಗಳ ಸ್ಕೇಲಿಂಗ್ ಲೆಕ್ಕ ನನಗೆ ಬೇಡ. ಅದಕ್ಕಾಗಿ ಕೆಮಿಸ್ಟ್ರಿ ಓದಿದವರು ಮರುವರ್ಷವೇ ಮರೆಯುತ್ತಾರೆ. ನಾನು ಯಾರ ಪರವೂ ಅಲ್ಲ. ಆದರೆ ನಿಯಮ ನೋಡು: ಹನ್ನೊಂದನೆಯದರಲ್ಲಿ 12 ಯೂನಿಟ್ಟು ಬೇಕು, ಹನ್ನೆರಡಕ್ಕೆ 10 ಇದ್ದರೆ ಸಾಕು. ಈಗ ತೆಗೆದುಕೊಂಡರೆ ಒಂದು ವರ್ಷ ನೋಡಿ ಬಿಡಬಹುದು. ಈಗ ಬಿಟ್ಟರೆ ಆಮೇಲೆ ನಡುವೆ ಹತ್ತುವುದು ಸುಲಭವಲ್ಲ. ಬಿಸಿನೆಸ್ಸನ್ನೂ ಇಟ್ಟುಕೋ, ಬೇಡ ಅಂದವರಾರು? ಒಂದು ವರ್ಷ ಓದಿಯೂ ಬೇಜಾರಾದರೆ ದೊಡ್ಡಮ್ಮ ಮತ್ತೆ ತುಟಿ ಬಿಚ್ಚುವುದಿಲ್ಲ.

ಫಾರ್ಮಿನ ಕೊನೆಯ ದಿನ ಯಾವತ್ತು ಎಂದು ನಿನ್ನಮ್ಮನಿಗೂ ಸರಿಯಾಗಿ ಗೊತ್ತಿಲ್ಲ, ಮೆಸೇಜ್ ಹಾಕು. ಸೆಪ್ಟೆಂಬರ್ ರಜೆಗೆ ಇಲ್ಲಿಗೇ ಬಾ. ಆರು ಬೀಕರು ಇಲ್ಲ, ಗಾಜಿನ ಲೋಟಗಳಿವೆ. ಯಾರಾ ನದಿಯ ನೀರು ತಂದು ಅಡುಗೆಮನೆಯಲ್ಲೇ ಜಾರ್ ಟೆಸ್ಟ್ ಮಾಡೋಣ, ಪಟಿಕ ದೊಡ್ಡಪ್ಪನ ಶೇವಿಂಗ್ ಡಬ್ಬಿಯಲ್ಲಿದೆ. ಬರುವಾಗ ಹ್ಯಾರಿಸ್ ಪಾರ್ಕಿನ ಅಂಗಡಿಯಲ್ಲಿ ಕಾಫಿಪುಡಿ ಸಿಕ್ಕರೆ ಅರ್ಧ ಕಿಲೋ ತಾ. ಪೊಟ್ಟಣದ ಹಿಂದೆ ಓದಿ ನೋಡು, ಚಿಕೋರಿ ನೂರಕ್ಕೆ ಇಪ್ಪತ್ತು ದಾಟಿದ್ದರೆ ಬೇಡ.

ನಿನ್ನ,
ದೊಡ್ಡಮ್ಮ