ಯಂತ್ರತರ್ಕದಿಂದ ನಿಯಮಪರೀಕ್ಷೆ

ಸೂತ್ರಗಳು ಪರಸ್ಪರ ವಿರೋಧಿಸಿದಾಗ ಯಾವುದು ಬಲವತ್ತರವೆಂಬ ಚರ್ಚೆ ವ್ಯಾಕರಣವನ್ನು ಓದಿದವರಿಗೆ ಹೊಸದಲ್ಲ. ಸುಮಾರು 4000 ಸೂತ್ರಗಳುಳ್ಳ ಪಾಣಿನೀಯದಲ್ಲಿ ಅದಕ್ಕೆಂದೇ ವ್ಯವಸ್ಥೆಯುಂಟು. ಅದೇ ತೊಡಕು ಮೋಟಾರು ಕಾರ್ಖಾನೆಯಲ್ಲಿಯೂ ತಲೆದೋರುವುದೆಂದರೆ ವಾಚಕರಿಗೆ ಅಚ್ಚರಿಯಾದೀತು.

ಗಿರಾಕಿಯ ಇಚ್ಛಾನುಸಾರ ಕಟ್ಟಿಕೊಡುವ ಕಾರಿನಲ್ಲಿ ಎಂಜಿನು, ತಂಪುಯಂತ್ರ, ಅದು ಹೋಗಬೇಕಾದ ದೇಶ ಮುಂತಾದ ಒಂದೊಂದಕ್ಕೂ ಒಂದು ಸಂಕೇತವಿರುತ್ತದೆ. ಯಾವುದರೊಡನೆ ಯಾವುದು ಕೂಡಬಹುದೆಂಬ ನಿಯಮಗಳು ಒಂದು ಕಡೆ. ಯಾವ ಬೇಡಿಕೆಗೆ ಯಾವ ಬಿಡಿಭಾಗವೆಂಬ ನಿಯಮಗಳು ಇನ್ನೊಂದು ಕಡೆ. ಬೇಕು–ಬೇಡವೆಂಬ 30 ಆಯ್ಕೆಗಳಿಗೇ ನೂರು ಕೋಟಿಗೂ ಮಿಕ್ಕ ಕೂಟಗಳಾಗುತ್ತವೆ. ಒಂದೊಂದನ್ನೂ ಕಣ್ಣಿಟ್ಟು ನೋಡುವುದು ಮನುಷ್ಯಸಾಧ್ಯವೆ?

ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾನಿಲಯದ ಸಿನ್ಸ್, ಕೈಸರ್, ಕ್ಯೂಖ್ಲಿನ್ ಎಂಬ ವಿದ್ವಾಂಸರು ಮರ್ಸಿಡಿಸ್ ಕಾರುಗಳ ಇಂತಹ ದಾಖಲೆಗಳನ್ನು ಗಣಕದ ತರ್ಕಕ್ಕೆ ಒಪ್ಪಿಸಿದರು. ಈ ಕುರಿತ ಅವರ ಪ್ರಬಂಧವೊಂದು 2003ರಲ್ಲಿ ಪ್ರಕಟವಾಯಿತು. ನಿಯಮಗಳನ್ನೆಲ್ಲ ‘ಮತ್ತು’, ‘ಅಥವಾ’, ‘ಅಲ್ಲ’ ಎಂಬ ಪದಗಳಿಂದ ಕೂಡಿದ ವಾಕ್ಯಗಳನ್ನಾಗಿಸಿ, ದೋಷವಿದೆಯೆಂದು ಊಹಿಸಿಕೊಂಡು, ಆ ಊಹೆ ನಿಯಮಗಳೊಡನೆ ನಿಲ್ಲಬಲ್ಲುದೆ ಎಂದು ಗಣಕವನ್ನು ಕೇಳುವುದು ಇದರ ಕ್ರಮ. ನಿಲ್ಲದಿದ್ದರೆ ನಿರ್ದೋಷತ್ವ ಸಿದ್ಧ. ನಿಂತರೆ ದೋಷ ತೋರುವ ಬೇಡಿಕೆಯೊಂದನ್ನೇ ಅದು ಮುಂದಿಡುತ್ತದೆ. ನಮ್ಮ ನೈಯಾಯಿಕರ ಅನಿಷ್ಟಪ್ರಸಂಗವೂ ಇದೇ ಜಾಡಿನದು. ಗಣಕಕ್ಕೆ ಈ ಹಾದಿಯನ್ನು ಕಲಿಸಿದವರಲ್ಲಿ ಡೇವಿಸ್ ಮತ್ತು ಪಟ್ನಮ್ (1960) ಮೊದಲಿಗರು.

ನಾನೇ ಕಲ್ಪಿಸಿದ ಒಂದು ಉದಾಹರಣೆ: ‘ತಂಪುಯಂತ್ರವಿಲ್ಲದಿದ್ದರೆ ಚಿಕ್ಕ ಬ್ಯಾಟರಿ’, ‘ತಂಪುಯಂತ್ರ ಅಥವಾ ಆಸನದ ಕಾವುಗೆ ಇದ್ದರೆ ದೊಡ್ಡ ಬ್ಯಾಟರಿ’. ಬಿಡಿಬಿಡಿಯಾಗಿ ಎರಡೂ ನಿರ್ದುಷ್ಟ. ಆದರೆ ಕಾವುಗೆಯನ್ನು ಮಾತ್ರ ಬೇಡಿದವನ ಕಾರಿಗೆ ಎರಡು ಬ್ಯಾಟರಿಗಳು ಬಂದು ಕೂಡುತ್ತವೆ! ಹಾಗೆಂದು ಕೂಡಲೇ ತಿದ್ದಹೊರಡುವುದೂ ಸಲ್ಲದು. ‘ಕಾವುಗೆ ಬೇಕಾದವನು ತಂಪುಯಂತ್ರವನ್ನೂ ಕೊಳ್ಳತಕ್ಕದ್ದು’ ಎಂಬ ನಿಯಮ ಬೇರೆಡೆ ಇದ್ದರೆ ಆ ಬೇಡಿಕೆಯೇ ಹುಟ್ಟದು. ಒಂದು ಪುಟವನ್ನು ಓದಿ ಇನ್ನೊಂದನ್ನು ಮರೆತವನು ಇಲ್ಲಿ ಎಡವುತ್ತಾನೆ. ಯಂತ್ರವಾದರೋ ಎಲ್ಲವನ್ನೂ ಒಟ್ಟಿಗೆ ಹಿಡಿದಿರುತ್ತದೆ.

ಯಾವ ಬೇಡಿಕೆಯಲ್ಲಿಯೂ ಬಳಕೆಗೆ ಬಾರದ ಬಿಡಿಭಾಗ, ಯಾರೂ ಪಡೆಯಲಾಗದ ಆಯ್ಕೆ ಇವು ಕೂಡ ಹೀಗೆಯೇ ಬೆಳಕಿಗೆ ಬರುತ್ತವೆ. ಇವುಗಳಲ್ಲಿ ಕೆಲವು ಮುಂಬರುವ ಮಾದರಿಗೆಂದು ಬೇಕೆಂದೇ ಇರಿಸಿದವೂ ಆಗಿರಬಹುದು. ಅದು ಪ್ರಮಾದವೋ ಉದ್ದೇಶವೋ ಎಂಬುದನ್ನು ಗಣಕವು ಹೇಳಲಾರದು. ಚಿಕ್ಕ ಬ್ಯಾಟರಿ ಆ ಎಂಜಿನಿಗೆ ಸಾಲುವುದೋ ಇಲ್ಲವೋ ಎಂಬುದನ್ನಂತೂ ವಾಕ್ಯಗಳಿಂದ ತಿಳಿಯುವಂತೆಯೇ ಇಲ್ಲ; ಅದಕ್ಕೆ ಎಂಜಿನಿಯರನು ಅಳೆದು ನೋಡಲೇಬೇಕು.