ದೌತಿಯ ಒಳಗೊಮ್ಮೆ ಇಣುಕಿ

ಮೋಟೆಬೆನ್ನೂರಿನ ನಮ್ಮ ಮನೆಗೆ ಹಳೆಯ ಹಿತ್ತಾಳೆ ದೌತಿ ಹಿಡಿದು ಬರುವವರಿಗೆ ನಾನು ಹೇಳುವ ಮಾತುಗಳಿವು. ನವಿಲು, ಸಿಂಹ, ಆನೆ ಹೊತ್ತ ಈ ಮಸಿಪಾತ್ರೆಗಳು ಅಟ್ಟದಿಂದ ಇಳಿದಿರುತ್ತವೆ, ಇಲ್ಲವೇ ಬ್ಯಾಡಗಿಯ ಯಾವುದೋ ಹಳೇ ದಲಾಲಿ ಅಂಗಡಿಯಿಂದ ಬಂದಿರುತ್ತವೆ.

1. ಹುಣಸೆಹಣ್ಣು ದೂರವಿರಲಿ. "ತಿಕ್ಕಿ ಬಂಗಾರದಂಗ ಮಾಡೇವ್ರಿ, ಈಗ ರೇಟ್ ಹೇಳ್ರಿ" ಅನ್ನುತ್ತಾರೆ. ಹುಳಿ ತಾಗಿದರೆ ವರ್ಷಗಟ್ಟಲೆ ಕೂತ ಕಂದುಬಣ್ಣ ಹೋಗುತ್ತದೆ, ಗರಿಗಳ ಸಂದಿಯ ಮಸಿಯೂ ಹೋಗುತ್ತದೆ. ನಾನು ಹುಡುಕುವುದೇ ಆ ಮಸಿಯನ್ನು. ಹಸಿರು ಪುಡಿಯಂಥ ಕಿಲುಬು ಮಾತ್ರ ಲೋಹವನ್ನು ತಿನ್ನುತ್ತದೆ. ಅದನ್ನು ಬಿದಿರು ಕಡ್ಡಿಯಿಂದ ಕೆರೆದು, ಒಣ ಜಾಗದಲ್ಲಿಡಿ.

2. ನವಿಲನ್ನು ಆಮೇಲೆ ನೋಡಿ, ಮೊದಲು ಮುಚ್ಚಳ ಎತ್ತಿ. ಹಳೇ ನವಿಲಿನ ಅಚ್ಚು ತೆಗೆದು ಹೊಸದನ್ನು ಎರಕ ಹೊಯ್ಯುವುದು ಕಷ್ಟವೇನಲ್ಲ. ಕೈ ಸವೆಸುವ ಬಗೆಯನ್ನು ಅನುಕರಿಸುವುದು ಕಷ್ಟ. ದಿನಾ ಬರೆದವರ ದೌತಿಯಲ್ಲಿ ಹೆಬ್ಬೆರಳು ತಾಗುವ ಕಡೆ ಮಾತ್ರ ನುಣುಪು, ಕೀಲು ಸಡಿಲ. ನಕಲಿ ಮಾಲಿನಲ್ಲಿ ಕಪ್ಪು ಎಲ್ಲೆಡೆ ಒಂದೇ ಸಮ. ಇನ್ನು ಮಸಿ: ಕಾಡಿಗೆ, ಗೋಂದು ಕಲಸಿದ ನಮ್ಮ ಹಳೇ ಮಸಿ ಹಿತ್ತಾಳೆಯನ್ನು ತಿನ್ನುವುದಿಲ್ಲ. ಕಬ್ಬಿಣದ ಲವಣ ಮತ್ತು ಮಾಚಿಕಾಯಿಯಿಂದ ಮಾಡಿದ್ದು ಹುಳಿ. ವಿಲಾಯತಿ ದೌತಿಗಳಿಗೆ ಒಳಗೆ ಗಾಜಿನ ಇಲ್ಲವೇ ಪಿಂಗಾಣಿ ಬಟ್ಟಲು ಇರುವುದು ಅದಕ್ಕೇ. ಅಂಥದ್ದರಲ್ಲಿ ಬರೀ ಗುಂಡನೆಯ ತೂತು ಕಂಡರೆ ಬಟ್ಟಲು ಕಳೆದಿದೆ ಎಂದೇ ತಿಳಿದು ಬೆಲೆ ಮಾತಾಡಿ.

3. ಮುಚ್ಚಳವಿದ್ದ ಪುಟ್ಟ ಪಾತ್ರೆಯೆಲ್ಲ ದೌತಿಯಲ್ಲ. ಮೂಲೆಯಲ್ಲಿ ಬಿಳಿಗಟ್ಟಿದ್ದರೆ ಅದು ಎಲೆ ಅಡಿಕೆಯ ಸುಣ್ಣದ ಡಬ್ಬಿ, ಕೆಂಪಿದ್ದರೆ ಕುಂಕುಮ ಭರಣಿ.

4. ಅಯಸ್ಕಾಂತವನ್ನೇ ನಂಬಬೇಡಿ. ಒಳಗಿನ ಕಬ್ಬಿಣವನ್ನು ಅದು ಹಿಡಿಯುತ್ತದೆ, ಹಿತ್ತಾಳೆ ಲೇಪಿಸಿದ ಸತುವನ್ನು ಹಿಡಿಯದು. ಸವೆದ ಅಂಚು ಬೂದುಬಣ್ಣಕ್ಕೆ ತಿರುಗಿದ್ದರೆ ಅಲ್ಲಿಗೇ ಬಿಡಿ.

5. ದೊಡ್ಡವರ ಹೆಸರಿಗೆ ದುಡ್ಡು ಕೊಡಬೇಡಿ. 1930ರ ದಂಡಿ ಯಾತ್ರೆಗೆ ಹೋಗಿಬಂದ ಮೈಲಾರ ಮಹದೇವಪ್ಪ ನಮ್ಮೂರಿನವರು. 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಅವರು ಬಳಸಿದ್ದು ಎನ್ನುವವರ ಬಳಿ ಕಾಗದವೇನಾದರೂ ಇದ್ದರೆ ತೋರಿಸಲಿ.

6. ದೀಪಾವಳಿಗೆ ಖಾತೆ ಪುಸ್ತಕದ ಜೊತೆ ದೌತಿಗೂ ಪೂಜೆ ಮಾಡುವ ಮನೆಯಲ್ಲಿ ಬೆಲೆ ಕೇಳಲೇಬೇಡಿ.

7. ನೂರು ವರ್ಷ ದಾಟಿದ ದೌತಿ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು. ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಖಾಸಗಿಯವರು ಅದನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಮಗನ ಅಮೆರಿಕದ ಮನೆಗೆ ಅಜ್ಜನ ದೌತಿ ಕಳಿಸಬೇಕೆನ್ನುವವರು ಸೂಟ್‌ಕೇಸ್ ತುಂಬುವ ಮೊದಲು ಪುರಾತತ್ತ್ವ ಇಲಾಖೆಯವರನ್ನು ಕೇಳಿ.